‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ (1981) ನೋಡಿದೋರು ಬರ್ರಿ: ತೋಳ ಆಗೋ ಸೀನು, ಆ ನಗು, ಆಮೇಲೆ ಆ ಕೊನೆ

ದುರ್ಗದ ನೋಡುಗ (ಚಿತ್ರದುರ್ಗ)

ಮೊದಲೇ ಹೇಳಿಬಿಡ್ತೀನಿ, ಕೆಳಗೆ ಕಥೆ ಪೂರ್ತಿ ಬರುತ್ತೆ, ಕೊನೆ ಸಮೇತ. ನೋಡದೇ ಇರೋರು 97 ನಿಮಿಷ ಬಿಡುವು ಮಾಡ್ಕೊಂಡು ನೋಡಿ ಬನ್ನಿ. ಮಕ್ಕಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡೋ ಸಿನಿಮಾ ಅಲ್ಲ. ರಕ್ತ ಇದೆ, ಬೆತ್ತಲೆ ಇದೆ, ಕೊನೆ ಹತ್ತಿರ ನೀಲಿಚಿತ್ರ ಹಾಕೋ ಥಿಯೇಟರಿನ ಸೀನೂ ಇದೆ.

ಕಥೆ ಇಷ್ಟು. ಡೇವಿಡ್, ಜ್ಯಾಕ್ ಅನ್ನೋ ಇಬ್ಬರು ಅಮೆರಿಕದ ಹುಡುಗರು ಬೆನ್ನಿಗೆ ಚೀಲ ಏರಿಸ್ಕೊಂಡು ಇಂಗ್ಲೆಂಡಿನ ಯಾರ್ಕ್‌ಷೈರ್ ಬಯಲಲ್ಲಿ ನಡೀತಿರ್ತಾರೆ. ಹಳ್ಳಿ ಪಬ್ಬಿನ ಜನ ‘ದಾರಿ ಬಿಟ್ಟು ಹೋಗಬೇಡಿ, ಚಂದ್ರನ ಬಗ್ಗೆ ಹುಷಾರು’ ಅಂತಾರೆ. ಮಾತಾಡ್ತಾ ಮಾತಾಡ್ತಾ ದಾರಿ ತಪ್ಪುತ್ತೆ. ಜ್ಯಾಕ್ ಸಾಯ್ತಾನೆ, ಡೇವಿಡ್ ಕಚ್ಚಿಸ್ಕೊಂಡು ಉಳೀತಾನೆ. ಮುಂದಿನ ಹುಣ್ಣಿಮೆಗೆ ಲಂಡನ್ನಿನಲ್ಲಿ ಅವನೇ ತೋಳ.

ತೋಳಮಾನವನ ಸಿನಿಮಾ ಅಂದ ಕೂಡಲೇ ಎಲ್ಲರೂ ಕೇಳೋದು ಒಂದೇ: ಆಗೋದನ್ನ ಹೆಂಗೆ ತೋರಿಸಿದಾರೆ? ನಿರ್ದೇಶಕ ಜಾನ್ ಲ್ಯಾಂಡಿಸ್ ಅದನ್ನ ಲೈಟು ಉರೀತಿರೋ ಮನೆಯ ಹಾಲ್‌ನಲ್ಲಿ ತೋರಿಸಿದ್ದಾನೆ. ಕತ್ತಲಿಲ್ಲ, ಮಂಜಿಲ್ಲ, ಮರದ ನೆರಳಿಲ್ಲ. ಸೋಫಾ ಇದೆ, ಕಾರ್ಪೆಟ್ ಇದೆ, ಮಧ್ಯದಲ್ಲಿ ಒಬ್ಬ ಹುಡುಗ ಅರಚ್ತಾ ಮೂಳೆ ಮುರ್ಕೊಂಡು ಉದ್ದ ಆಗ್ತಾನೆ. ನಲವತ್ತು ವರ್ಷ ಕಳೆದರೂ ಆ ಸೀನನ್ನ ಯಾವ ಕಂಪ್ಯೂಟರ್ ತೋಳವೂ ಮೀರಿಸಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಪ್ಪದೇ ಇರೋರು ಯಾಕೆ ಅಂತ ಬಿಡಿಸಿ ಬರೀರಿ.

ಬೆಣ್ಣೆನಗರಿ (ದಾವಣಗೆರೆ)

ಸೀನು ಚೆನ್ನಾಗೈತೆ, ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಎರಡು.

ಒಂದು, ಪೂರ್ತಿ ತೋಳ ಆದ ಮೇಲೆ ಆ ಪ್ರಾಣಿ ಬಿಗಿಯಾಗಿ ಕಾಣುತ್ತೆ. ಲಂಡನ್ನಿನ ಪಿಕಾಡಿಲಿ ಸರ್ಕಸ್ ಅನ್ನೋ ಚೌಕದ ಗದ್ದಲದಲ್ಲಿ ತಲೆ, ಹಲ್ಲು ಮಾತ್ರ ಕಣ್ಣಿಗೆ ಬೀಳ್ತವೆ, ಮೈ ಓಡೋದೇ ಇಲ್ಲ. ಎರಡು, ಕೊನೆ. ಓಣಿಯಲ್ಲಿ ಡೇವಿಡ್‌ನ ಪ್ರೀತಿಸೋ ನರ್ಸ್ ಅಲೆಕ್ಸ್ ಮಾತಾಡಿಸ್ತಾಳೆ, ತೋಳ ಹಾರುತ್ತೆ, ಪೊಲೀಸರು ಗುಂಡು ಹೊಡೀತಾರೆ, ಹೆಣ ಬೀಳುತ್ತೆ, ತಕ್ಷಣ ಕುಣಿಯೋ ಹಾಡು, ಹೆಸರುಗಳು. ಒಂದೂವರೆ ಗಂಟೆ ಆ ಹುಡುಗನ ಜತೆ ಇದ್ದೋರಿಗೆ ಅರ್ಧ ನಿಮಿಷ ದುಃಖ ಪಡೋಕೂ ಬಿಡಲ್ಲ ಅಂದ್ರೆ ಹೆಂಗೆ?

ಬಣ್ಣದ ಪೆಟ್ಟಿಗೆ (ದಾವಣಗೆರೆ)

ಕೊನೆ ಬಗ್ಗೆ ಬೇರೆಯೋರು ಬರೀಲಿ. ಆ ಎರಡೂವರೆ ನಿಮಿಷ ಹೆಂಗೆ ಕಟ್ಟಿದಾರೆ ಅಂತ ನಾನು ಹೇಳ್ತೀನಿ. ಮೇಕಪ್ ಕೆಲಸ ಮಾಡೋರು ಒಂದೊಂದೇ ಶಾಟ್ ನಿಲ್ಲಿಸಿ ನೋಡಬೇಕಾದ ಸೀನು ಇದು.

ಅದಕ್ಕೂ ಮುಂಚೆ ಇದ್ದ ವಿಧಾನ ಏನು? 1941ರ ‘ದಿ ವುಲ್ಫ್ ಮ್ಯಾನ್’ನಲ್ಲಿ ಲಾನ್ ಚೇನಿ ಜೂನಿಯರ್‌ಗೆ ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್ ಅಂಟಿಸಿದ್ದು ಯಾಕ್ ಕೂದಲು. ನಮ್ಮ ದೇವಸ್ಥಾನಗಳಲ್ಲಿ ಬೀಸೋ ಚಾಮರಕ್ಕೆ ಹಿಂದಿನಿಂದ ಬಳಸ್ತಿದ್ದದ್ದೂ ಅದೇ ಪ್ರಾಣಿಯ ಬಾಲದ ಕೂದಲನ್ನ. ನಟ ಅಲುಗಾಡದೆ ಇರಬೇಕು, ಒಂದಿಷ್ಟು ಕೂದಲು ಅಂಟಿಸಿ ಸ್ವಲ್ಪ ಫಿಲ್ಮ್ ಓಡಿಸಬೇಕು, ಮತ್ತೆ ಅಂಟಿಸಬೇಕು, ಮತ್ತೆ ಓಡಿಸಬೇಕು. ಆಮೇಲೆ ಒಂದರ ಮೇಲೊಂದು ಕರಗಿಸಬೇಕು. ಈ ಪದ್ಧತಿಯಲ್ಲಿ ಬದಲಾಗೋದು ಬರೀ ಮೇಲ್ಮೈ. ಮೂಳೆ ಬದಲಾಗಲ್ಲ, ನಟ ಕದಲೋ ಹಂಗಿಲ್ಲ, ಆದ್ದರಿಂದ ನೋವೂ ಕಾಣಲ್ಲ.

ಈ ಸಿನಿಮಾಗೆ ಮೇಕಪ್ ಮಾಡಿದ ರಿಕ್ ಬೇಕರ್ ಮಾಡಿದ್ದು ಬೇರೆ. ದೇಹವನ್ನ ತುಂಡು ತುಂಡಾಗಿ ಯೋಚನೆ ಮಾಡಿದ. ಹಿಗ್ಗೋ ರಬ್ಬರ್ ಚರ್ಮದಲ್ಲಿ ಕೈ ಬೇರೆ, ಬೆನ್ನು ಬೇರೆ, ತಲೆ ಬೇರೆ ಮಾಡಿದ. ಆ ತಂಡ ಇವನ್ನ ‘ಚೇಂಜ್-ಓ’ ತಲೆ, ‘ಚೇಂಜ್-ಓ’ ಕೈ ಅಂತ ಕರೀತಿತ್ತು. ಚರ್ಮದ ಒಳಗೆ ಗಟ್ಟಿ ಭಾಗಗಳು, ಅವನ್ನ ಹೊರಗಿನಿಂದ ತಳ್ಳೋ ವ್ಯವಸ್ಥೆ. ತಳ್ಳಿದರೆ ಅಂಗೈ ಉದ್ದ ಆಗುತ್ತೆ, ದವಡೆ ಮುಂದೆ ಬರುತ್ತೆ. ಒಂದೊಂದು ಮಾದರಿ ಒಂದು ಮಿತಿ ತನಕ ಮಾತ್ರ ಹಿಗ್ಗುತ್ತೆ, ಅಷ್ಟೊತ್ತಿಗೆ ಕಟ್ ಮಾಡಿ ಮುಂದಿನದಕ್ಕೆ ಹೋಗ್ತಾರೆ.

ಕ್ರಮ ಗಮನಿಸಿ. ಮೊದಲು ಅಂಗೈ. ಯಾಕಂದ್ರೆ ಡೇವಿಡ್ ತಾನೇ ಕೈ ಎತ್ತಿ ನೋಡ್ಕೋತಾನೆ, ಅವನ ಗಾಬರಿ ನಮಗೂ ದಾಟುತ್ತೆ. ಆಮೇಲೆ ನೆಲಕ್ಕೆ ಬಿದ್ದಾಗ ಬೆನ್ನುಮೂಳೆ, ಪಾದ. ಮುಖ ಕೊನೆಗೆ. ಮುಖ ಮೊದಲೇ ಹೋಗಿಬಿಟ್ಟರೆ ಡೇವಿಡ್ ನಾಟನ್ ಅನ್ನೋ ನಟನೇ ಹೋದಂಗೆ, ಆಮೇಲೆ ನರಳೋದು ಯಾರು? ಕಣ್ಣು ಅವನದೇ ಇರೋ ತನಕ ನಾವು ಅವನನ್ನ ಬಿಟ್ಟುಕೊಡಲ್ಲ.

ಇನ್ನೊಂದು ಜಾಣತನ: ಅಂಗಾತ ಮಲಗಿದಾಗ ಮೈ ಮನುಷ್ಯನ ಅಳತೆ ಮೀರಿರೋ ಒಂದು ಶಾಟ್ ಇದೆ. ಅಲ್ಲಿ ನಟನ ತಲೆ, ತೋಳು ಮಾತ್ರ ನಿಜ. ಅವನ ಉಳಿದ ಮೈ ನೆಲದ ಕೆಳಗಿದೆ. ಹಾಲ್‌ನ ನೆಲವನ್ನೇ ಎತ್ತರಿಸಿ ಕಟ್ಟಿ ತೂತು ಬಿಟ್ಟಿದಾರೆ. ಮೇಲೆ ಕಾಣೋದು ಸುಳ್ಳು ದೇಹ.

ಮೇಕಪ್‌ಗೆ ಅಂತ ಆಸ್ಕರ್ ವಿಭಾಗ ಶುರುವಾಗಿದ್ದು 1981ರ ಸಿನಿಮಾಗಳಿಂದ. ಮೊದಲನೇದು ಬೇಕರ್‌ಗೇ ಬಂತು.

ಜಗಳೂರು ಬಯಲು

ಅಣ್ಣಾ, ಕೂದಲು ಚರ್ಮದಿಂದ ಬೆಳೀತಾ ಹೊರಗೆ ಬರೋ ಶಾಟ್ ಹತ್ತಿರದಿಂದ ತೋರಿಸ್ತಾರಲ್ಲ, ಅದು ಹೆಂಗೆ?

ಬಣ್ಣದ ಪೆಟ್ಟಿಗೆ (ದಾವಣಗೆರೆ)

ಅದು ತಿರುಗಿಸಿದ ಶಾಟ್ ತಮ್ಮಾ. ಚರ್ಮದ ತುಂಡಿನಲ್ಲಿ ಉದ್ದ ಕೂದಲು ಪೋಣಿಸಿ ಇಟ್ಟಿರ್ತಾರೆ. ಕ್ಯಾಮೆರಾ ಓಡ್ತಿರುವಾಗ ಹಿಂದಿನಿಂದ ಕೂದಲನ್ನ ಒಳಕ್ಕೆ ಎಳೀತಾರೆ. ಫಿಲ್ಮನ್ನ ಹಿಂದುಮುಂದು ಓಡಿಸಿದರೆ ಕೂದಲು ಚಕ್ಕಲಿ ಒರಳಿನಿಂದ ಹಿಟ್ಟು ಬಂದಂಗೆ ಹೊರಗೆ ಬರುತ್ತೆ.

ಮಾಡೋರಿಗೆ ಎರಡು ಎಚ್ಚರಿಕೆ. ಫ್ರೇಮಿನೊಳಗೆ ದಿಕ್ಕು ಹೇಳಿಬಿಡೋ ಯಾವ ವಸ್ತುವೂ ಇರಬಾರದು: ಹೊಗೆ, ದೀಪದ ಕುಡಿ, ಜಾರೋ ಬೆವರಿನ ಹನಿ. ಇದ್ದರೆ ಸಿಕ್ಕಿಬೀಳ್ತೀರಿ. ಮತ್ತೆ, ಎಲ್ಲಾ ಎಳೆಯನ್ನೂ ಒಂದೇ ಹಿಡಿತದಲ್ಲಿ ಎಳೆದರೆ ಬ್ರಷ್ ಮುಂದೆ ಬಂದಂಗೆ ಕಾಣುತ್ತೆ. ಮೂರು ನಾಲ್ಕು ಗೊಂಚಲು ಮಾಡಿ, ಬೇರೆ ಬೇರೆ ವೇಗದಲ್ಲಿ ಎಳೀಬೇಕು.

ಚಂದ್ರವಳ್ಳಿ (ಚಿತ್ರದುರ್ಗ)

ಚಂದ್ರನ ಲೆಕ್ಕ ಈ ಸಿನಿಮಾದಲ್ಲಿ ಎಷ್ಟು ಸರಿ ಇದೆ ಅಂತ ಯಾರೂ ಬರೆದಿಲ್ಲ, ಅದಕ್ಕೇ ಬರೀತಿದೀನಿ.

ದಾಳಿ ನಡೆದಿದ್ದು ಹುಣ್ಣಿಮೆ ರಾತ್ರಿ. ಆಸ್ಪತ್ರೆಯಲ್ಲಿ ಎಚ್ಚರ ಆದಾಗ ಮೂರು ವಾರ ಕಳೆದಿದೆ ಅಂತ ಡಾಕ್ಟರ್ ಹೇಳ್ತಾರೆ. ಇನ್ನೊಂದಷ್ಟು ದಿನ ಆಸ್ಪತ್ರೆ, ಆಮೇಲೆ ನರ್ಸ್ ಅಲೆಕ್ಸ್ ಮನೆ. ಹುಣ್ಣಿಮೆಯಿಂದ ಹುಣ್ಣಿಮೆಗೆ 29 ದಿನ ಹನ್ನೆರಡೂವರೆ ಗಂಟೆ ಹತ್ತಿರ. ಲೆಕ್ಕ ಕೂಡುತ್ತೆ. ಎರಡು ರಾತ್ರಿ ಸಾಲಾಗಿ ತೋಳ ಆಗ್ತಾನಲ್ಲ, ಅದು ತಪ್ಪು ಅನ್ನೋರಿದಾರೆ. ತಪ್ಪಲ್ಲ. ಹುಣ್ಣಿಮೆಯ ಹಿಂದಿನ ದಿನ, ಮಾರನೇ ದಿನ ಚಂದ್ರ ನೂರಕ್ಕೆ 98–99 ಪಾಲು ಬೆಳಗಿರ್ತಾನೆ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯಲ್ಲ. ಹುಟ್ಟೋ ಹೊತ್ತು ಮಾತ್ರ ದಿನಕ್ಕೆ ಸುಮಾರು 50 ನಿಮಿಷ ತಡ ಆಗುತ್ತೆ.

ಹುಣ್ಣಿಮೆಯ ನಿಯಮ ಏನೋ ಪುರಾತನ ಅಂತ ತಿಳ್ಕೊಂಡಿರೋರಿಗೆ ಒಂದು ಮಾತು. ಇವತ್ತು ಎಲ್ಲಾ ಸಿನಿಮಾಗಳೂ ಪಾಲಿಸೋ ನಿಯಮಗಳಲ್ಲಿ ಬಹುಪಾಲು ಗಟ್ಟಿಯಾಗಿದ್ದು 1941ರ ಚಿತ್ರದಿಂದ, ಕರ್ಟ್ ಸಿಯೋಡ್‌ಮಾಕ್ ಬರೆದ ಚಿತ್ರಕಥೆಯಿಂದ. ಅದರಲ್ಲಿ ಬರೋ ನಾಲ್ಕು ಸಾಲಿನ ಪದ್ಯ ಜನಪದ ಅಲ್ಲ, ಅವನದೇ ರಚನೆ. ಆ ಪದ್ಯದಲ್ಲಿ ಇರೋದೂ ಶರತ್ಕಾಲದ ಪ್ರಕಾಶಮಾನ ಚಂದ್ರ. ‘ಪೂರ್ಣ’ ಚಂದ್ರ ಅಂತ ತಿದ್ದಿದ್ದು 1943ರ ಮುಂದಿನ ಭಾಗದಲ್ಲಿ. 1941ರ ಚಿತ್ರದಲ್ಲಿ ತೋಳ ಸಾಯೋದು ಬೆಳ್ಳಿ ಹಿಡಿಯ ಕೋಲಿನಿಂದ. ಲ್ಯಾಂಡಿಸ್ ಚಂದ್ರನನ್ನ ಇಟ್ಕೊಂಡು ಬೆಳ್ಳಿಯನ್ನ ಬಿಟ್ಟ. ಕೊನೆಯಲ್ಲಿ ಸಾಧಾರಣ ಪೊಲೀಸ್ ಗುಂಡಿಗೇ ಡೇವಿಡ್ ಸಾಯ್ತಾನೆ.

ನಮ್ಮ ಕಡೆ ನೋಡುಗರಿಗೆ ಇಲ್ಲೊಂದು ತೊಡಕಿದೆ. ನಮಗೆ ಹುಣ್ಣಿಮೆ ಅಂದ್ರೆ ಹಬ್ಬ. ಕಾರಹುಣ್ಣಿಮೆಗೆ ಎತ್ತು ಸಿಂಗರಿಸ್ತೀವಿ, ಸೀಗೆಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ತೀವಿ, ಭರತಹುಣ್ಣಿಮೆಗೆ ಉಚ್ಚಂಗಿದುರ್ಗದ ಬೆಟ್ಟ ತುಂಬಿರುತ್ತೆ. ‘ಹೊರಗೆ ಹೋಗಬೇಡ’ ಅಂತ ಅಜ್ಜಿ ತಡೆಯೋದು ಅಮಾವಾಸ್ಯೆಗೆ. ಆದರೂ ಚಂದ್ರ ಮೇಲೆ ಬಂದಾಗ ನಮ್ಮೆದೆ ಡವಗುಟ್ಟುತ್ತೆ. ಅದಕ್ಕೆ ಕಾರಣ ಆ ಪಬ್ಬಿನ ಸೀನು. ಬಾಗಿಲು ತೆಗೆದ ತಕ್ಷಣ ಮಾತೆಲ್ಲ ನಿಂತು, ಎಲ್ಲರೂ ತಿರುಗಿ ನೋಡ್ತಾರಲ್ಲ, ಆ ಮೌನ ನಮಗೆ ಚಂದ್ರನ ಭಯ ಕಲಿಸಿಬಿಡುತ್ತೆ.

ಬೆಣ್ಣೆನಗರಿ (ದಾವಣಗೆರೆ)

ಚಂದ್ರವಳ್ಳಿಯವರೇ, ಹಂಗಾದ್ರೆ ಕನ್ನಡದಲ್ಲಿ ಮಾಡೋರು ಅಮಾವಾಸ್ಯೆಗೇ ಇಟ್ಕೋಬೇಕು ಅಂತೀರಾ?

ಚಂದ್ರವಳ್ಳಿ (ಚಿತ್ರದುರ್ಗ)

ಕಥೆಗೆ ಒಪ್ಪುತ್ತೆ, ಕ್ಯಾಮೆರಾಗೆ ಒಪ್ಪಲ್ಲ. ಹುಣ್ಣಿಮೆ ಅಂದ್ರೆ ಬಯಲಿನ ರಾತ್ರಿ ಸೀನಿಗೆ ಬೆಳಕಿನ ಕಾರಣ ಸಿಕ್ಕಂಗೆ. ಮೇಲೊಂದು ದೊಡ್ಡ ಲೈಟ್ ಕಟ್ಟಿದರೂ ನೋಡುಗ ಪ್ರಶ್ನೆ ಮಾಡಲ್ಲ. ಅಮಾವಾಸ್ಯೆಗೆ ಅದೇ ಲೈಟ್ ಕಟ್ಟಿದರೆ ‘ಬೆಳಕು ಎಲ್ಲಿಂದ ಬಂತು’ ಅಂತ ಕೇಳ್ತಾರೆ. ಕಂದೀಲು, ಬ್ಯಾಟರಿ, ಬೈಕಿನ ಹೆಡ್‌ಲೈಟ್, ಇವುಗಳ ಬೆಳಕಲ್ಲೇ ಪೂರ್ತಿ ಸೀನು ಕಟ್ಟೋ ಧೈರ್ಯ ಇದ್ದರೆ ಅಮಾವಾಸ್ಯೆ ಇಟ್ಕೋಬಹುದು.

ಕುರಿಹಟ್ಟಿ (ಚಳ್ಳಕೆರೆ)

ತೋಳದ ಬಗ್ಗೆ ನಾನು ನಾಲ್ಕು ಮಾತು ಬರೀಲೇಬೇಕು. ಬೇಕರ್ ಮಾಡಿರೋ ಆ ಪ್ರಾಣಿ ತೋಳ ಅಲ್ಲ. ಅಗಲವಾದ ತಲೆ, ಗಿಡ್ಡ ಕತ್ತು, ಭಾರದ ಮುಂಗಾಲು. ನರಕದಿಂದ ಬಂದ ನಾಯಿ ಥರ ಇರ್ಲಿ ಅಂತ ಬೇಕಂತಲೇ ಮಾಡಿದ್ದು. ಸಿನಿಮಾಗೆ ಅದು ಸರಿ. ಆದರೆ ನಮ್ಮ ಚಳ್ಳಕೆರೆ ಕಾವಲು, ಜಗಳೂರು ಕಡೆ ಬಯಲಲ್ಲಿ ಇರೋ ತೋಳ ಯಾವುದು? ಕಾಲು ಉದ್ದ, ಮೈ ಸಪೂರ, ತೂಕ 17ರಿಂದ 25 ಕಿಲೋ. ಎತ್ತರದ ನಾಯಿಗಿಂತ ಭಾರ ಇಲ್ಲ. ದಟ್ಟ ಕಾಡು ಅದಕ್ಕೆ ಬೇಡ, ಹುಲ್ಲುಗಾವಲು, ಕುರುಚಲು, ಕೊರಕಲು ಬೇಕು. ಹಗಲು ಹಳ್ಳದ ದಿಬ್ಬದ ನೆರಳಲ್ಲಿ ಮಲಗಿ ಹೊತ್ತು ಇಳಿದ ಮೇಲೆ ಏಳುತ್ತೆ. ಕುರಿ ಹಿಡಿಯುತ್ತೆ, ಸುಳ್ಳಲ್ಲ. ಆದರೆ ಸಾಮಾನ್ಯವಾಗಿ ಮನುಷ್ಯನ ನೆರಳು ಕಂಡರೆ ದೂರ ಹೋಗೋ ಪ್ರಾಣಿ.

ಊಳಿಡೋದಕ್ಕೂ ಹುಣ್ಣಿಮೆಗೂ ಸಂಬಂಧ ಇಲ್ಲ. ಗುಂಪು ಚದುರಿದಾಗ ಒಂದನ್ನೊಂದು ಕರೆಯೋಕೆ, ತಮ್ಮ ಜಾಗ ಇದು ಅಂತ ಬೇರೆ ಗುಂಪಿಗೆ ತಿಳಿಸೋಕೆ ಊಳಿಡ್ತವೆ. ಕತ್ತೆತ್ತಿ ಕೂಗೋದು ಸದ್ದು ದೂರ ಹೋಗ್ಲಿ ಅಂತ, ಅದನ್ನೇ ಚಂದ್ರನ ಕಡೆ ನೋಡಿ ಕೂಗುತ್ತೆ ಅಂತ ಚಿತ್ರ ಬರೆದುಬಿಟ್ಟರು.

ನಮ್ಮಲ್ಲಿ ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಅಂತಾರೆ. ಆ ಕಲ್ಲು ಇನ್ನೂ ನಿಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿ, ಅಂದ್ರೆ ಹುಲಿಗೆ ಇರೋ ರಕ್ಷಣೆಯಲ್ಲೇ ತೋಳ ಇದೆ. ಮೇಲುಕೋಟೆಯಲ್ಲಿ ತೋಳಕ್ಕಾಗಿಯೇ ವನ್ಯಧಾಮ ಮಾಡಿದಾರೆ. ಈ ಸಿನಿಮಾ ನನಗೆ ಹಿಡಿಸೋಕೆ ಕಾರಣ ಒಂದು ಸಣ್ಣ ಸೀನು: ಮೊದಲ ರಾತ್ರಿ ಕಳೆದು ಡೇವಿಡ್ ಲಂಡನ್ ಝೂ ತೋಳದ ಬೋನಿನಲ್ಲಿ ಬಟ್ಟೆ ಇಲ್ಲದೆ ಏಳ್ತಾನೆ. ಸುತ್ತ ಇರೋವು ನಿಜವಾದ ತೋಳಗಳು, ಅವನನ್ನ ಮುಟ್ಟಲ್ಲ. ಆರು ಜನರನ್ನ ಕೊಂದವನು ಅವನು, ಅವು ಸುಮ್ಮನೆ ನಿಂತಿವೆ.

ದುರ್ಗದ ನೋಡುಗ (ಚಿತ್ರದುರ್ಗ)

ಕುರಿಹಟ್ಟಿ ಅಣ್ಣಾ, ಆ ಬೋನಿನ ಸೀನಿಗೆ ಈ ಅರ್ಥ ಹೊಳೆದಿರಲಿಲ್ಲ. ಆರು ಅನ್ನೋದೂ ಸರಿ: ಗಂಡ ಹೆಂಡತಿ ಇಬ್ಬರು, ಥೇಮ್ಸ್ ದಂಡೆಯ ಬೀದಿವಾಸಿಗಳು ಮೂರು, ಸುರಂಗ ರೈಲಿನ ಸ್ಟೇಷನ್ನಿನಲ್ಲಿ ಒಬ್ಬ.

ಆ ಸ್ಟೇಷನ್ ಸೀನು ‘ತೋಳ ಬಿಗಿಯಾಗಿದೆ’ ಅನ್ನೋ ತಕರಾರಿಗೆ ಉತ್ತರ. ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಸ್ಟೇಷನ್. ಖಾಲಿ ದಾರಿ, ಟ್ಯೂಬ್‌ಲೈಟು, ಒಬ್ಬ ಮನುಷ್ಯ ಓಡ್ತಿದ್ದಾನೆ, ಕ್ಯಾಮೆರಾ ನೆಲದ ಮಟ್ಟದಲ್ಲಿ ಬೆನ್ನಟ್ಟುತ್ತೆ. ತೋಳ ಕಾಣಲ್ಲ, ನಾವೇ ತೋಳ. ಕೊನೆಗೆ ಎಸ್ಕಲೇಟರ್ ಮೇಲೆ ಬಿದ್ದವನನ್ನ ತುದಿಯಿಂದ ಕೆಳಗೆ ನೋಡೋ ಶಾಟ್. ಬಹಳ ಕೆಳಗೆ, ಫ್ರೇಮಿನ ತಳದಲ್ಲಿ, ಆ ಪ್ರಾಣಿ ನಿಧಾನಕ್ಕೆ ಕಾಲಿಡುತ್ತೆ. ಸಣ್ಣದಾಗಿ, ಕೆಲವೇ ಸೆಕೆಂಡು. ಬೊಂಬೆಯ ಮಿತಿ ಗೊತ್ತಿದ್ದವನು ಮಾತ್ರ ಹಂಗೆ ದೂರ ಇಟ್ಟು ತೋರಿಸ್ತಾನೆ. ಪಿಕಾಡಿಲಿಯಲ್ಲಿ ಹತ್ತಿರ ಹೋದ, ಅಲ್ಲಿ ಬೆಣ್ಣೆನಗರಿಯವರ ಮಾತು ನಿಜವೇ.

ಬಣ್ಣದ ಪೆಟ್ಟಿಗೆ (ದಾವಣಗೆರೆ)

ಬಿಗಿತಕ್ಕೆ ಕಾರಣ ಸೇರಿಸ್ತೀನಿ. ನಾಲ್ಕು ಕಾಲಿನ ಪ್ರಾಣಿ ಒಳಗೆ ಎರಡು ಕಾಲಿನ ಮನುಷ್ಯನನ್ನ ಹಾಕಿದರೆ ಹಿಂಗಾಲಿನ ಮಂಡಿ ಮುಂದಕ್ಕೆ ಮಡಚುತ್ತೆ, ನೋಡಿದ ಕೂಡಲೇ ವೇಷ ಅಂತ ಗೊತ್ತಾಗುತ್ತೆ. ಅದಕ್ಕೆ ಒಬ್ಬನನ್ನ ಹಲಗೆ ಮೇಲೆ ಬೋರಲು ಮಲಗಿಸಿ, ಅವನ ಕೈಗಳನ್ನೇ ಮುಂಗಾಲು ಮಾಡಿ, ಹಿಂದಿನಿಂದ ಕೈಗಾಡಿ ತಳ್ಳಿದ ಹಾಗೆ ತಳ್ಳಿದರು. ಮುಂಭಾಗ ಜೀವಂತ ಇರುತ್ತೆ, ಆದರೆ ಹಿಂಭಾಗ ಫ್ರೇಮಿಗೆ ಬಂದರೆ ಕಥೆ ಮುಗೀತು. ಹಂಗಾಗಿ ಕ್ಯಾಮೆರಾ ಎದುರಿನಿಂದಲೇ ಇರಬೇಕು, ಶಾಟ್ ಚಿಕ್ಕದಿರಬೇಕು.

ತರಳಬಾಳು ರಸ್ತೆ (ದಾವಣಗೆರೆ)

ನಗು ಬಗ್ಗೆ ಯಾರೂ ಬರೀತಿಲ್ಲ. ಲ್ಯಾಂಡಿಸ್ ಇದನ್ನ ಬರೆದಿದ್ದು 1969ರಲ್ಲಿ, ಯುಗೊಸ್ಲಾವಿಯಾದಲ್ಲಿ ಬೇರೆ ಸಿನಿಮಾದ ಶೂಟಿಂಗಿನಲ್ಲಿ ಕೆಲಸಕ್ಕಿದ್ದಾಗ. ದುಡ್ಡು ಹಾಕೋರು ಬಹಳ ವರ್ಷ ಹಿಂದೆ ಸರಿದರು. ಹೆದರಿಸೋ ಚಿತ್ರಕ್ಕೆ ನಗು ಜಾಸ್ತಿ, ನಗಿಸೋ ಚಿತ್ರಕ್ಕೆ ಭಯ ಜಾಸ್ತಿ ಅನ್ನೋದು ಅವರ ಅಳುಕು.

ನನ್ನ ಪ್ರಕಾರ ಇಲ್ಲಿ ನಗು ಎಲ್ಲೂ ಭಯದ ಮೇಲೆ ನೀರು ಹಾಕಲ್ಲ. ಸತ್ತ ಜ್ಯಾಕ್ ಪ್ರೇತವಾಗಿ ಡೇವಿಡ್ ಮುಂದೆ ಬರೋ ಮೂರು ಸಲ ನೋಡಿ. ಮೊದಲನೇ ಸಲ ಆಸ್ಪತ್ರೆಯಲ್ಲಿ, ಗಾಯ ಹಸಿ, ಕತ್ತಿನ ಹತ್ತಿರ ಚರ್ಮದ ಒಂದು ಚೂರು ಜೋತಾಡ್ತಿರುತ್ತೆ, ಅವನು ಮಾತಾಡಿದಂಗೆಲ್ಲ ಅದು ಅಲುಗಾಡುತ್ತೆ. ಎರಡನೇ ಸಲ ಮೈ ಹಸಿರುಗಟ್ಟಿದೆ. ಮೂರನೇ ಸಲ ಥಿಯೇಟರಿನಲ್ಲಿ, ಮುಖದಲ್ಲಿ ಮಾಂಸವೇ ಇಲ್ಲ. ಅದು ನಟ ಅಲ್ಲ, ಆಡಿಸೋ ಬೊಂಬೆ, ದನಿ ಮಾತ್ರ ಜ್ಯಾಕ್ ಪಾತ್ರದ ಗ್ರಿಫಿನ್ ಡನ್‌ನದು. ಮೂರು ಸಲವೂ ಅವನು ಅದೇ ಹಳೇ ಸ್ನೇಹಿತನ ಸಲುಗೆಯಲ್ಲೇ ಮಾತಾಡ್ತಾನೆ. ಹೇಳೋ ವಿಷಯ ಏನು? ‘ನೀನು ಸತ್ತರೆ ಮಾತ್ರ ತೋಳಕ್ಕೆ ಬಲಿಯಾದ ನಮಗೆ ಬಿಡುಗಡೆ.’ ದೇಹ ಕೊಳೀತಾ ಹೋಗುತ್ತೆ, ಸಲುಗೆ ಕೊಳೆಯಲ್ಲ. ಕರುಳು ಹಿಂಡೋದು ಅದು.

ಹಾಡುಗಳೂ ಹಂಗೇ. ಎಲ್ಲಾ ಚಂದ್ರನ ಹಾಡು. ತೋಳ ಆಗುವಾಗ ಸ್ಯಾಮ್ ಕುಕ್ ದನಿಯಲ್ಲಿ ‘ಬ್ಲೂ ಮೂನ್’ ಮೆಲ್ಲಗೆ, ಹಿತವಾಗಿ. ಅದರ ಕೆಳಗೆ ಮೂಳೆ ಲಟಲಟ ಅನ್ನೋ ಸದ್ದು. ಅಲ್ಲಿ ಭಯದ ಹಿನ್ನೆಲೆ ಸಂಗೀತ ಹಾಕಿದ್ದರೆ ನಾವು ಸಂಗೀತಕ್ಕೆ ಹೆದರ್ತಿದ್ವಿ. ಇಲ್ಲಿ ಸಂಗೀತ ನಮ್ಮ ಕೈ ಹಿಡಿಯಲ್ಲ, ಅರಚಾಟ ಒಂದೇ ಉಳಿಯುತ್ತೆ.

ಬೆಣ್ಣೆನಗರಿ (ದಾವಣಗೆರೆ)

ಹಾಡಿನ ಮಾತು ಒಪ್ಪಿದೆ ಅಕ್ಕಾ. ಆದರೆ ಕೊನೇ ಹಾಡು? ಮಾರ್ಸೆಲ್ಸ್ ತಂಡದ ‘ಬ್ಲೂ ಮೂನ್’ ಕುಣಿಯೋ ಹಾಡು. ಹೆಣದ ಮೇಲೆ ಅದು ಯಾಕೆ?

ತರಳಬಾಳು ರಸ್ತೆ (ದಾವಣಗೆರೆ)

ಕೊನೆ ಅವಸರದ್ದು ಅನ್ನೋದು ಬಹಳ ಜನರ ದೂರು, ನಿಮ್ಮೊಬ್ಬರದಲ್ಲ. ನಾನು ಹಿಂಗೆ ನೋಡ್ತೀನಿ. ಈ ಕಥೆಯಲ್ಲಿ ಡೇವಿಡ್‌ಗೆ ಒಂದೇ ದಾರಿ ಅಂತ ಜ್ಯಾಕ್ ಮೊದಲ ಭೇಟಿಯಲ್ಲೇ ಹೇಳಿಬಿಟ್ಟ. ಅವನು ಫೋನ್ ಬೂತಿನಿಂದ ಮನೆಗೆ ಫೋನ್ ಮಾಡಿ ತಂಗಿ ಹತ್ರ ಮಾತಾಡ್ತಾನಲ್ಲ, ಅಪ್ಪ ಅಮ್ಮನಿಗೆ ಪ್ರೀತಿ ಹೇಳು ಅಂತ, ಆಮೇಲೆ ಚಾಕು ಕೈಗಿಟ್ಟು ಕೊಯ್ಕೊಳ್ಳೋಕೆ ಆಗದೆ ನಿಲ್ಲಿಸ್ತಾನಲ್ಲ, ವಿದಾಯ ಅಲ್ಲೇ ಮುಗಿದಿದೆ. ದುಃಖ ಪಡೋ ಜಾಗ ಅದು. ಓಣಿಯಲ್ಲಿ ಇನ್ನೇನೂ ಹೇಳೋದು ಉಳಿದಿಲ್ಲ. ಅಲೆಕ್ಸ್ ಅತ್ತಳು, ಕಟ್. ಇನ್ನೊಂದು ನಿಮಿಷ ಎಳೆದಿದ್ದರೆ ಕಣ್ಣೀರು ಬೇಡಿದಂಗೆ ಆಗ್ತಿತ್ತು.

ಬೆಣ್ಣೆನಗರಿ (ದಾವಣಗೆರೆ)

ಫೋನ್ ಬೂತಿನ ಸೀನಿಗೆ ಪೂರ್ತಿ ಅಂಕ ಕೊಡ್ತೀನಿ. ಓಣಿಗೆ ಮಾತ್ರ ಇನ್ನೂ ಹತ್ತು ಸೆಕೆಂಡು ಮೌನ ಬೇಕಿತ್ತು ಅನ್ನೋದು ನನ್ನ ಹಟ, ಬಿಡಲ್ಲ.

ಜಗಳೂರು ಬಯಲು

ಇದರ ಜತೆಗೆ ಬೇರೆ ಯಾವುದು ನೋಡಬಹುದು?

ದುರ್ಗದ ನೋಡುಗ (ಚಿತ್ರದುರ್ಗ)

ಅದೇ 1981ರ ‘ದಿ ಹೌಲಿಂಗ್’ ಮೊದಲು. ಬೇಕರ್‌ನ ಶಿಷ್ಯ ರಾಬ್ ಬಾಟಿನ್ ಕೆಲಸ, ಚರ್ಮದ ಕೆಳಗೆ ಗಾಳಿ ಚೀಲ ಇಟ್ಟು ಉಬ್ಬಿಸೋ ಪದ್ಧತಿ. ಎರಡನ್ನೂ ಒಂದೇ ವಾರ ನೋಡಿದರೆ ಉಬ್ಬೋದಕ್ಕೂ ಉದ್ದ ಆಗೋದಕ್ಕೂ ಇರೋ ಫರಕು ಕಣ್ಣಿಗೆ ಕಟ್ಟುತ್ತೆ. 2002ರ ‘ಡಾಗ್ ಸೋಲ್ಜರ್ಸ್’ ಕಡಿಮೆ ದುಡ್ಡಿನದು, ಉದ್ದ ಕಾಲಿನ ನಿಂತ ತೋಳಗಳು, ಹೆಚ್ಚುಕಡಿಮೆ ಒಂದೇ ಮನೆಯೊಳಗೆ ಕಥೆ. ಕಿರುಚಿತ್ರ ಮಾಡೋರಿಗೆ ಪಾಠ. 2010ರ ‘ದಿ ವುಲ್ಫ್‌ಮ್ಯಾನ್’ಗೂ ಬೇಕರ್ ಆಸ್ಕರ್ ತಗೊಂಡ, ಡೇವ್ ಎಲ್ಸಿ ಜತೆಗೆ, ಆದರೆ ಬದಲಾಗೋ ದೃಶ್ಯಗಳನ್ನ ಬಹುಪಾಲು ಕಂಪ್ಯೂಟರಿಗೆ ಕೊಟ್ಟರು, ಅಲ್ಲೇ ಜೀವ ಹೋಯ್ತು. 2025ರ ‘ವುಲ್ಫ್ ಮ್ಯಾನ್’ನಲ್ಲಿ ಚಂದ್ರನ ನಿಯಮ ಇಲ್ಲ, ಅಲ್ಲಿ ಅದು ಸೋಂಕು. ಹೆಂಡತಿ ಮಾತು ಗಂಡನ ಕಿವಿಗೆ ಅರ್ಥ ಆಗದ ಸದ್ದಾಗಿ ಕೇಳೋ ಜಾಗ ಒಂದಕ್ಕಾದರೂ ನೋಡಬೇಕು.

ಹಿಂದಿಯಲ್ಲಿ 1992ರ ‘ಜುನೂನ್’ ಹುಣ್ಣಿಮೆ ಇಟ್ಕೊಂಡು ತೋಳದ ಜಾಗಕ್ಕೆ ಹುಲಿ ತಂತು. ನಮ್ಮ ನೆಲಕ್ಕೆ ಹುಲಿ ಸರಿಯಾದ ಆಯ್ಕೆ. 2022ರ ‘ಭೇಡಿಯಾ’ದಲ್ಲಿ ಅರುಣಾಚಲದ ಕಾಡು, ರಸ್ತೆ ಕಂಟ್ರಾಕ್ಟಿನ ಕಥೆ ಎರಡೂ ಹೊಂದ್ಕೊಂಡಿವೆ. ಗ್ರಾಫಿಕ್ಸ್ ಚೊಕ್ಕ, ಆದರೆ ಆ ನೋವಿಗೆ ತೂಕ ಕಮ್ಮಿ.

ಚಂದ್ರವಳ್ಳಿ (ಚಿತ್ರದುರ್ಗ)

ಟಿವಿಯಲ್ಲಿ ನೋಡೋರು ಒಂದು ಕೆಲಸ ಮಾಡಿ. ಪಿಕ್ಚರ್ ಸೆಟ್ಟಿಂಗಿಗೆ ಹೋಗಿ ಚಲನೆ ನಯ ಮಾಡೋ ಆಯ್ಕೆ, ಕಂಪನಿಗೊಂದು ಹೆಸರಿರುತ್ತೆ, ಅದನ್ನ ಆಫ್ ಮಾಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರದ ನಡುವೆ ಟಿವಿ ತಾನೇ ಫ್ರೇಮ್ ಹುಟ್ಟಿಸಿ ತುಂಬುತ್ತೆ. ಆಗ ರಬ್ಬರ್ ರಬ್ಬರ್ ಥರಾನೇ ಕಾಣುತ್ತೆ, ಇಡೀ ಸಿನಿಮಾ ಧಾರಾವಾಹಿ ಆಗಿಬಿಡುತ್ತೆ. ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಇದ್ದರೆ ಅದೇ ಸಾಕು. ಬ್ರೈಟ್‌ನೆಸ್ ಏರಿಸಬೇಡಿ, ಯಾರ್ಕ್‌ಷೈರ್ ಬಯಲಿನ ಕಪ್ಪು ಬೂದಿಯಾಗುತ್ತೆ. ಕೋಣೆ ಲೈಟ್ ಆರಿಸಿ.

ಕಿರುಚಿತ್ರ ತಂಡ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಹನ್ನೆರಡು ನಿಮಿಷದ ತೋಳಮಾನವ ಕಿರುಚಿತ್ರ ಮಾಡೋ ಯೋಚನೆ ಇದೆ. ಕುರಿ ಕಾಯೋನ ಕಥೆ, ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಅಥವಾ ಕೋಟೆ ಹಿಂಭಾಗದಲ್ಲಿ ರಾತ್ರಿ ಸೀನು. ಫೋಮ್ ಲ್ಯಾಟೆಕ್ಸ್‌ನಲ್ಲಿ, ಅಂದ್ರೆ ನೊರೆ ಬರಿಸಿ ಬೇಯಿಸೋ ರಬ್ಬರಿನಲ್ಲಿ, ಮುಖ ಮಾಡಿಸೋಣ ಅಂತ. ಏನೇನು ತೊಂದರೆ ಬರುತ್ತೆ?

ಬಣ್ಣದ ಪೆಟ್ಟಿಗೆ (ದಾವಣಗೆರೆ)

ಫೋಮ್ ಲ್ಯಾಟೆಕ್ಸ್ ಬೇಡ ಅಂತ ಮೊದಲೇ ಹೇಳ್ತೀನಿ, ಕಾರಣ ಕೇಳಿ. ಸಾಮಾನ್ಯ ಅಳತೆ ಹಿಂಗೆ: ಬೇಸ್ 150 ಗ್ರಾಂ, ನೊರೆ ಬರಿಸೋದು 30, ಗಂಧಕ ಇರೋ ಕ್ಯೂರಿಂಗ್ 15, ಜೆಲ್ ಮಾಡೋದು ಸುಮಾರು 14. ಮಿಕ್ಸರಿನಲ್ಲಿ ನೊರೆ ಏರಿಸಿ, ಆಮೇಲೆ ನಿಧಾನ ವೇಗದಲ್ಲಿ ದೊಡ್ಡ ಗುಳ್ಳೆ ಒಡೆದು, ಕೊನೆಗೆ ಜೆಲ್ ಹಾಕಿ ಅಚ್ಚಿಗೆ ಹುಯ್ಯಬೇಕು. ಗಟ್ಟಿಯಾದ ಮೇಲೆ 85 ಡಿಗ್ರಿ ಆಸುಪಾಸಿನಲ್ಲಿ ಮೂರು ನಾಲ್ಕು ಗಂಟೆ ಬೇಯಿಸಬೇಕು. ಕೋಣೆ 20–22 ಡಿಗ್ರಿ ಇದ್ದರೆ ಈ ಲೆಕ್ಕ. ನಮ್ಮ ಏಪ್ರಿಲ್ ಬಿಸಿಲಿಗೆ ಜೆಲ್ ಬಟ್ಟಲಲ್ಲೇ ಕಟ್ಟುತ್ತೆ, ಅಚ್ಚು ಅರ್ಧ ತುಂಬಿ ನಿಲ್ಲುತ್ತೆ. ಜೆಲ್ ಕಡಿಮೆ ಮಾಡಿದರೆ ಗುಳ್ಳೆ ಒಡೆದು ಕೆಳಗೆ ಕೂರುತ್ತೆ. ಆ ಓವನ್ನಿನಲ್ಲಿ ಆಮೇಲೆ ಅಡಿಗೆ ಮಾಡೋ ಹಂಗೂ ಇಲ್ಲ.

ಬದಲಿಗೆ ದ್ರವ ಲ್ಯಾಟೆಕ್ಸ್, ಟಿಶ್ಯೂ ಕಾಗದ, ಹತ್ತಿ. ಹಿಂದಿನ ದಿನವೇ ನಟನ ಮುಂಗೈ ಒಳಭಾಗಕ್ಕೆ ಒಂದು ಚುಕ್ಕೆ ಹಚ್ಚಿ 24 ಗಂಟೆ ನೋಡಿ. ಕೆಂಪಾದರೆ, ತುರಿಸಿದರೆ ಆ ನಟನಿಗೆ ಲ್ಯಾಟೆಕ್ಸ್ ಹಚ್ಚಲೇಬೇಡಿ. ಹುಬ್ಬಿಗೆ, ಹಣೆಯಂಚಿನ ಕೂದಲಿಗೆ ವ್ಯಾಸಲೀನ್ ಹಚ್ಚಿ ಮುಚ್ಚಿ. ತೆಳು ಪದರ, ಒಣಗಲಿ, ಮೇಲೆ ಹರಿದ ಟಿಶ್ಯೂ, ಮತ್ತೆ ಲ್ಯಾಟೆಕ್ಸ್. ಕತ್ತರಿಯಿಂದ ಕತ್ತರಿಸಿದ ಟಿಶ್ಯೂ ಅಂಚು ಕ್ಯಾಮೆರಾಗೆ ಗೆರೆಯಾಗಿ ಕಾಣುತ್ತೆ, ಕೈಯಲ್ಲೇ ಹರೀರಿ. ದಪ್ಪ ಪದರ ಹಚ್ಚಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿದು, ನಟ ಬಾಯಿ ತೆಗೆದ ಕೂಡಲೇ ಏಳುತ್ತೆ. ಕಣ್ಣಿನ ಹತ್ತಿರ ಬೇಡ, ಅಮೋನಿಯಾ ಘಾಟಿಗೆ ಉರಿಯುತ್ತೆ. ಒಣಗಿದ ಮೇಲೆ ಪೌಡರ್ ಹಾಕದಿದ್ದರೆ ಮಡಿಕೆ ಒಂದಕ್ಕೊಂದು ಅಂಟಿಕೊಳ್ಳುತ್ತೆ.

ಕೂದಲು ಅಂಟಿಸೋದು ಸ್ಪಿರಿಟ್ ಗಮ್‌ನಲ್ಲಿ. ನಾಟಕ ಕಂಪನಿ ಬಣ್ಣದವರ ಕ್ರಮವೇ ಇಲ್ಲೂ: ಗದ್ದದ ಕೆಳಗಿನಿಂದ ಶುರು, ಮೇಲಕ್ಕೆ ಹೋಗ್ತಾ ಒಂದರ ಮೇಲೊಂದು ಸಾಲು, ಕೆನ್ನೆ, ಕೊನೆಗೆ ಮೇಲ್ತುಟಿ. ಗಮ್ ಹಚ್ಚಿ ಬೆರಳಿಗೆ ಜಿಗುಟು ಬರೋ ತನಕ ಕಾಯಿರಿ. ಒಂದೇ ಬಣ್ಣ ಹಾಕಬೇಡಿ; ಕೆಳಗೆ ಗಾಢ, ಮೇಲೆ ಕಂದು, ತುದಿಗೆ ನರೆ. ನಮ್ಮ ಬಯಲು ತೋಳದ ಬಣ್ಣವೂ ಅದೇ, ಕಂದು ಬೂದಿ ಬೆರೆತದ್ದು. ತೆಗೆಯುವಾಗ ಎಳೀಬೇಡಿ, ರಿಮೂವರ್ ಹಚ್ಚಿ ಬಿಡಿಸಿ.

ಹಿಗ್ಗೋ ಶಾಟ್ ಬೇಕಂದ್ರೆ 50 ಎಂಎಲ್ ಸಿರಿಂಜ್ ಎರಡು, ನಡುವೆ ಒಂದು ಮೀಟರ್ ಪ್ಲಾಸ್ಟಿಕ್ ಟ್ಯೂಬ್, ಒಳಗೆ ನೀರು. ಗಾಳಿಗುಳ್ಳೆ ಒಂದೂ ಇರಬಾರದು. ಗಾಳಿ ಒತ್ತಿದರೆ ಕುಗ್ಗುತ್ತೆ, ತಡವಾಗಿ ಜರ್ಕ್ ಹೊಡೆಯುತ್ತೆ. ನೀರು ಕುಗ್ಗಲ್ಲ, ನೀವು ಎಷ್ಟು ತಳ್ಳಿದಿರೋ ಅಷ್ಟೇ ಆ ಕಡೆ ತಳ್ಳುತ್ತೆ. ಆ ಕಡೆ ಸಿರಿಂಜಿನ ಹಿಡಿಗೆ ದುಂಡು ಮಾಡಿದ ಮರದ ತುಂಡು ಅಂಟಿಸಿ, ಮೇಲೆ ಲ್ಯಾಟೆಕ್ಸ್ ಚರ್ಮ. ಇದು ಬೊಂಬೆ ಕೈಗೆ ಮಾತ್ರ, ನಟನ ಮೈ ಮೇಲೆ ಮಾಡಬೇಡಿ.

ಕಣ್ಣಿಗೆ ಬಣ್ಣದ ಲೆನ್ಸ್ ಹಾಕಿಸೋದಾದ್ರೆ ಕಣ್ಣಿನ ಡಾಕ್ಟರ್ ಅಳತೆ ಕೊಟ್ಟದ್ದು ಮಾತ್ರ. ಜೋಗಿಮಟ್ಟಿ ಗಾಳಿ, ಧೂಳಿನಲ್ಲಿ ಲೆನ್ಸ್ ಹಾಕ್ಕೊಂಡು ರಾತ್ರಿ ಓಡಿಸಬೇಡಿ.

ದುರ್ಗದ ನೋಡುಗ (ಚಿತ್ರದುರ್ಗ)

ಜಾಗದ ಬಗ್ಗೆ: ಕೋಟೆ ಕೇಂದ್ರ ಪುರಾತತ್ವ ಇಲಾಖೆಯದು, ಅನುಮತಿ ಇಲ್ಲದೆ ಶೂಟಿಂಗ್ ಆಗಲ್ಲ, ಸಂಜೆ ಮೇಲೆ ಒಳಗೆ ಬಿಡಲ್ಲ. ಜೋಗಿಮಟ್ಟಿ ಅರಣ್ಯ ಇಲಾಖೆಯ ವ್ಯಾಪ್ತಿ, ಅಲ್ಲಿ ಕರಡಿ, ಚಿರತೆ ಇವೆ, ರಾತ್ರಿ ಕೆಲಸದ ಯೋಚನೆ ಬಿಡಿ. ಪರಿಚಯದ ರೈತರ ಹೊಲ, ಬಂಡೆ ಇರೋ ದಿಣ್ಣೆ ಸಾಕು. ಗುಡ್ಡದ ಅಂಚು ಫ್ರೇಮಿಗೆ ಬಂದರೆ ಗಾಳಿಯಂತ್ರ ಕಾಣ್ತವೆ, ಕ್ಯಾಮೆರಾ ಇಡೋಕೆ ಮುಂಚೆ ಹಗಲಲ್ಲೇ ದಿಕ್ಕು ನೋಡ್ಕೊಳ್ಳಿ. ಮೈಕಿಗೆ ತುಪ್ಪಳದ ಕವರ್ ಇಲ್ಲದೆ ನಮ್ಮ ಬಯಲಲ್ಲಿ ಒಂದು ಮಾತೂ ರೆಕಾರ್ಡ್ ಆಗಲ್ಲ.

ಕುರಿಹಟ್ಟಿ (ಚಳ್ಳಕೆರೆ)

ಕುರಿ ಮಂದೆ ಇಟ್ಕೊಂಡು ರಾತ್ರಿ ಸೀನು ಮಾಡೋದಾದ್ರೆ ಕಾಯೋರೇ ಪಕ್ಕದಲ್ಲಿ ಇರಲಿ. ತಟಕ್ಕನೆ ಲೈಟ್ ಹಾಕಿದರೆ ಮಂದೆ ಒಂದೇ ಕಡೆ ನುಗ್ಗುತ್ತೆ, ಮರಿಗಳು ತುಳಿತಕ್ಕೆ ಸಿಗ್ತವೆ. ಲೈಟ್ ಮೊದಲೇ ಹಾಕಿಟ್ಟು, ಮಂದೆ ಒಗ್ಗಿದ ಮೇಲೆ ಶುರು ಮಾಡಿ. ಊಳಿಡೋ ಸದ್ದನ್ನ ಅಲ್ಲಿ ಸ್ಪೀಕರಿನಲ್ಲಿ ಹಾಕಬೇಡಿ, ಕಾವಲು ನಾಯಿಗಳು ಬಿಡಲ್ಲ. ಎಡಿಟಿಂಗಿನಲ್ಲಿ ಸೇರಿಸ್ಕೊಳ್ಳಿ.

ಕಿರುಚಿತ್ರ ತಂಡ (ದಾವಣಗೆರೆ)

ಬಹಳ ಉಪಕಾರ ಆಯ್ತು. ಮುಖ, ಕೈ, ಬೆನ್ನು ಮೂರೂ ಒಂದೇ ರಾತ್ರಿ ಮುಗಿಸಬಹುದಾ?

ಬಣ್ಣದ ಪೆಟ್ಟಿಗೆ (ದಾವಣಗೆರೆ)

ಆಗಲ್ಲ. ಬೊಂಬೆ ಕೈ, ಕೂದಲಿನ ತುಂಡು, ಇವನ್ನ ಬೇರೆ ದಿನ ಮನೆಯೊಳಗೆ ಮೇಜಿನ ಮೇಲೆ ತೆಗೀರಿ. ನಟ ಬೇಕಾಗಿಲ್ಲ, ಅದೇ ಬಣ್ಣದ ಲೈಟ್ ಇದ್ದರೆ ಸಾಕು. ಹೊಲದಲ್ಲಿ ಬರೀ ಮುಖ. ನಟನಿಗೆ ಮೇಕಪ್ ಕೂರಿಸೋಕೆ ಕಮ್ಮಿ ಅಂದರೂ ಮೂರು ಗಂಟೆ, ಬೆವರು ಶುರುವಾದ ಮೇಲೆ ಬಾಯಂಚು, ಮೂಗಿನ ಪಕ್ಕ ಮೊದಲು ಏಳುತ್ತೆ. ಅದಕ್ಕೆ ಹತ್ತಿರದ ಶಾಟ್‌ಗಳನ್ನ ಮೊದಲು ತೆಗೆದು, ದೂರದ್ದನ್ನ ಕೊನೆಗೆ ಇಟ್ಕೊಳ್ಳಿ. ಸ್ಟ್ರಾ ಇಟ್ಟು ನೀರು ಕುಡಿಸ್ತಾ ಇರಿ.